ರೂತಮ್ಮನ ಮೂಗು

ಕಳೆದ ತಿಂಗಳು ಶಿವಮೊಗ್ಗದ ವಿನೋಬನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಸರದಿಗೆ ಕಾಯುತ್ತ ಕೂತಿದ್ದೆ. ಅಲ್ಲಿನ ಹುಡುಗಿ ಡ್ರಾಯರಿನಿಂದ ಒಂದು ಉದ್ದನೆಯ ಡಬ್ಬಿ ತೆಗೆದು, ಕೂತವರೆಲ್ಲರ ತಲೆಯ ಮೇಲೆ ಒಂದು ಸುತ್ತು ಹಾಯಿಸಿ 'ಪುಸ್' ಎನಿಸಿದಳು. ಮಲ್ಲಿಗೆ. ಬಳ್ಳಿಯ ಮಲ್ಲಿಗೆಯಲ್ಲ, ಡಬ್ಬಿಯ ಮಲ್ಲಿಗೆ. ಎದ್ದು ಹೊರಗೆ ಹೋಗಿ ಚರಂಡಿಯ ಪಕ್ಕ ನಿಂತೆ. ಆ ಡಬ್ಬಿಗಿಂತ ಚರಂಡಿಯೇ ಎಷ್ಟೋ ಮರ್ಯಾದಸ್ಥ ವಾಸನೆ.

ಹುಡುಗಿ ಬಾಗಿಲಿಗೆ ಬಂದು, "ಯಾಕೆ ಆಂಟಿ, ತಲೆ ಸುತ್ತುತ್ತಾ?" ಎಂದಳು.

"ಇಲ್ಲಮ್ಮ. ಆ ಸ್ಪ್ರೇ ಕಂಡ್ರೆ ನಂಗಾಗಲ್ಲ" ಎಂದೆ.

ಪಾಪ, ಅವಳದೇನು ತಪ್ಪು? ಆ ಮಲ್ಲಿಗೆ ನಮ್ಮ ಮನೆ ಹೊಕ್ಕಾಗ ಅವಳಿನ್ನೂ ಹೈಸ್ಕೂಲಿನಲ್ಲಿ ಇದ್ದಿರಬೇಕು. ಕೊರೊನಾ ಗಲಾಟೆ ಮುಗಿದು, ಜನ ಮತ್ತೆ ಧೈರ್ಯವಾಗಿ ಒಬ್ಬರ ಮನೆಗೊಬ್ಬರು ಹೋಗಲು ಶುರುಮಾಡಿದ್ದ ಕಾಲ ಅದು. ನಾವಾಗ ಭದ್ರಾವತಿಯ ಹೊಸಮನೆ ಬಡಾವಣೆಯಲ್ಲಿದ್ದೆವು. ನನ್ನ ಗಂಡ ಪ್ರಭಾಕರ ಬದುಕಿದ್ದ ಕೊನೆಯ ಬೇಸಿಗೆ ಅದೇ.

ಅವರು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಬಾಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಇಲ್ಲದೆ ಒಂದು ನಟ್ಟನ್ನೂ ತಿರುಗಿಸಿದವರಲ್ಲ. ಕೆನ್ನೆಯ ಒಳಗೆ ಹುಣ್ಣಾಯಿತು, ಹುಣ್ಣು ಗಂಟಾಯಿತು, ಆಪರೇಷನ್ ಆಯಿತು, ರೇಡಿಯೇಷನ್ನಿನ ಕರೆಂಟು ಕೊಟ್ಟದ್ದೂ ಆಯಿತು. ಆದರೂ ಮತ್ತೆ ಬಂತು. ಈ ಸಲ ಕೆನ್ನೆಯನ್ನೇ ತೂತು ಮಾಡಿಕೊಂಡು ಹೊರಗೆ ಬಂತು. ಶಿವಮೊಗ್ಗದ ಡಾಕ್ಟರು ಫೈಲು ಮುಚ್ಚಿ, "ಇನ್ನು ಮನೇಲೇ ಚೆನ್ನಾಗಿ ನೋಡ್ಕೊಳ್ಳಿ ಟೀಚರ್" ಎಂದರು. ಆ ಮಾತಿನ ಅರ್ಥ ನನಗೂ ಗೊತ್ತಿತ್ತು, ಪಕ್ಕದಲ್ಲಿದ್ದ ಅವರಿಗೂ ಗೊತ್ತಿತ್ತು.

ಆ ಗಾಯದ ವಾಸನೆಯನ್ನು ಸೆರಗು ಮುಚ್ಚಿ ಬರೆಯಲು ನನಗೆ ಇಷ್ಟವಿಲ್ಲ. ಅಟ್ಟದ ಮೇಲೆ ಇಲಿ ಸತ್ತು ಬಿದ್ದರೆ ಹೇಗಿರುತ್ತದೋ ಹಾಗಿತ್ತು. ಬೆಳಿಗ್ಗೆ ನಾನು ಶಿವಮೊಗ್ಗದ ಸ್ಕೂಲಿಗೆ ಬಸ್ಸು ಹಿಡಿಯುವ ಮುಂಚೆ ಗಾಯದ ಬಟ್ಟೆ ಬಿಚ್ಚಿ, ಉಪ್ಪುನೀರಿನಲ್ಲಿ ತೊಳೆದು, ಡಾಕ್ಟರು ಹೇಳಿದ ಮಾತ್ರೆಯನ್ನು ಪುಡಿ ಮಾಡಿ ಉದುರಿಸಿ, ಹೊಸ ಬಟ್ಟೆ ಕಟ್ಟಬೇಕು. ಮೊದಮೊದಲು ಹಿತ್ತಿಲಿನ ಒಗೆಯುವ ಕಲ್ಲಿನ ಹಿಂದೆ ಹೋಗಿ ವಾಂತಿ ಮಾಡಿ ಬರುತ್ತಿದ್ದೆ. ಕಟ್ಟಿಕೊಂಡ ಹೆಂಡತಿಗೆ ಹೇಸಿಗೆ ಆಗಬಾರದು ಎನ್ನುವವರು ಒಂದು ಸಲ ಬಂದು ಆ ಬಟ್ಟೆ ಬಿಚ್ಚಿ ನೋಡಬೇಕಿತ್ತು. ಹೇಸಿಗೆ ಆಗುತ್ತಿತ್ತು, ತೊಳೆಯುತ್ತಲೂ ಇದ್ದೆ. ಬಸ್ಸಿನಲ್ಲಿ ಕೂತ ಮೇಲೆ ಯಾರೂ ನೋಡದ ಹಾಗೆ ನನ್ನ ಕೈಯನ್ನೇ ಮೂಸಿಕೊಳ್ಳುತ್ತಿದ್ದೆ.

ನನಗಿಂತ ಹೆಚ್ಚು ಹೇಸಿದವರು ಅವರೇ. ಯಾರು ಬಂದರೂ ಚೌಕಳಿ ಟವೆಲನ್ನು ಮೂಗು ಬಾಯಿ ಮುಚ್ಚುವ ಹಾಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಟೀ ಅಂಗಡಿಯಲ್ಲಿ ಕೂತರೆ ಇಡೀ ಬೀದಿಗೆ ಕೇಳುವ ಹಾಗೆ ನಗುತ್ತಿದ್ದ ಮನುಷ್ಯ! ತೊಳೆಯುವ ಹೊತ್ತು ಬಿಟ್ಟರೆ ನನ್ನನ್ನೂ ಹತ್ತಿರ ಕೂರಿಸಿಕೊಳ್ಳುತ್ತಿರಲಿಲ್ಲ. ಬಾಯಿ ಪೂರ್ತಿ ತೆರೆಯಲಾಗದೆ ಮಾತೆಲ್ಲ ಮೂಗಿನಲ್ಲಿ ಬರುತ್ತಿತ್ತು. ಹಾಗೇ ಒಂದು ದಿನ ಹೇಳಿದರು: "ಸಾಯೋಕೆ ಹೆದ್ರಿಕೆ ಇಲ್ಲ ಮಾರಾಯ್ತಿ. ಹೀಗೆ ಗೋಡೆ ನೋಡ್ಕೊಂಡು ಸಾಯೋಕೆ ಆಗಲ್ಲ. ಒಂದ್ಸಲ ಎಲ್ಲರ ಮಧ್ಯೆ ಕೂತ್ಕೋಬೇಕು."

ಎಲ್ಲರ ಮಧ್ಯೆ ಎಂದರೆ ಅವರ ಲೆಕ್ಕದಲ್ಲಿ ನಮ್ಮ ಚರ್ಚು, ಅದೂ ಶುಭ ಶುಕ್ರವಾರದ ದಿನ. ಆ ದಿನ ಮಧ್ಯಾಹ್ನ ನಮ್ಮಲ್ಲಿ ಏಳು ಮಾತುಗಳ ಆರಾಧನೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಏಳು ಜನ ಒಬ್ಬೊಬ್ಬರಾಗಿ ಎದ್ದು ಪ್ರಸಂಗ ಮಾಡುತ್ತಾರೆ. ಐದನೆಯದು 'ನನಗೆ ನೀರಡಿಕೆಯಾಗಿದೆ' ಎಂಬ ಮಾತು. ಅದು ಬಹಳ ವರ್ಷಗಳಿಂದ ಪ್ರಭಾಕರರ ಪಾಲಿನದು. ಕುಲುಮೆಯ ಮುಂದೆ ಕೆಲಸ ಮಾಡುವವರ ಬಾಯಾರಿಕೆಯ ಕತೆ ಹೇಳಿ ಜನರನ್ನು ಅಳಿಸುತ್ತಿದ್ದರು, ಆಮೇಲೆ ಚರ್ಚಿನ ಅಂಗಳದಲ್ಲಿ ಎಲ್ಲರೂ ಗಂಜಿ ಕುಡಿಯುವಾಗ ನಗಿಸುತ್ತಿದ್ದರು.

ಅದಕ್ಕೆ ಮುಂಚಿನ ನಲವತ್ತು ದಿನ ಲೆಂಟು, ಶ್ರಮೆಯ ಕಾಲ. ದಿನವೂ ಸಂಜೆ ಚರ್ಚಿನ ಸಭೆಯವರು ಒಂದೊಂದು ಮನೆಗೆ ಹೋಗಿ ಪ್ರಾರ್ಥನೆ ಮಾಡುವ ಪದ್ಧತಿ. ಹಾಡು, ಬೈಬಲಿನ ವಾಕ್ಯ, ಪ್ರಾರ್ಥನೆ, ಕೊನೆಗೆ ತಿಂಡಿ. ಹೆಸರಿಗೆ ಶ್ರಮೆ, ನಡೆಯುವುದು ತಿಂಡಿಯ ಪೈಪೋಟಿ. ಒಬ್ಬರ ಮನೆಯಲ್ಲಿ ಕೇಸರಿಬಾತ್ ಆದರೆ ಮರುದಿನ ಇನ್ನೊಬ್ಬರ ಮನೆಯಲ್ಲಿ ಕಟ್ಲೆಟ್. ಆ ವರ್ಷ ಸಭೆಯ ಸೆಕ್ರೆಟರಿ ಜಯಶೀಲ ಅವರು, "ಬ್ರದರ್ ಪ್ರಭಾಕರ ಕಷ್ಟದಲ್ಲಿದ್ದಾರೆ, ಅವರನ್ನ ಪ್ರೋತ್ಸಾಹಿಸಬೇಕು" ಎಂದು ನಮ್ಮ ಮನೆಯನ್ನು ಮೊದಲ ವಾರವೇ ಇಟ್ಟರು.

ನಾನು ಸ್ಕೂಲಿನಿಂದ ಓಡಿಬಂದು, ಮನೆ ಗುಡಿಸಿ ಒರೆಸಿ, ಒಂದು ಬುಟ್ಟಿ ಆಲೂಗಡ್ಡೆ ಬೋಂಡ ಕರಿದಿಟ್ಟೆ. ಜನ ಬಂದರು. ಬಂದವರಲ್ಲಿ ಅರ್ಧ ಜನ ಮಾಸ್ಕ್ ಹಾಕಿಕೊಂಡಿದ್ದರು. ಹಿಂದಿನ ಸಂಜೆ ಇನ್ನೊಂದು ಮನೆಯಲ್ಲಿ ಒಬ್ಬರ ಮುಖದ ಮೇಲೂ ಅದಿರಲಿಲ್ಲ. ಜಯಶೀಲ ಅವರ ಹೆಂಡತಿ ಗ್ಲಾಡಿಸ್ ಆಂಟಿ ಹೊಸಿಲು ದಾಟುವ ಮುಂಚೆಯೇ ವ್ಯಾನಿಟಿ ಬ್ಯಾಗಿನಿಂದ ಡಬ್ಬಿ ತೆಗೆದು ಪುಸ್, ಪುಸ್, ಪುಸ್ ಎಂದು ಹಾಲಿನ ಮೂಲೆಮೂಲೆಗೆ ಹೊಡೆದರು. ಕಡೆಯದನ್ನು ಮಂಚದ ಮೇಲಿದ್ದ ನನ್ನ ಗಂಡನ ತಲೆಯ ಮೇಲೇ ಹೊಡೆದರು, ಜಿರಲೆಗೆ ಹೊಡೆಯುವ ಹಾಗೆ. "ಫ್ರೆಶ್ ಆಗಿರ್ಲಿ ಅಂತ ಶಾಂತಾ, ಪೇಶೆಂಟಿಗೂ ಒಳ್ಳೇದು" ಎಂದರು.

ಕೊಳೆತ ಗಾಯದ ವಾಸನೆಗೆ ಒಂದು ಪ್ರಾಮಾಣಿಕತೆ ಇದೆ. ಅದರ ಮೇಲೆ ಮಲ್ಲಿಗೆ ಬಳಿದಾಗ ಹುಟ್ಟುವ ವಾಸನೆ ಇದೆಯಲ್ಲ, ಅದಕ್ಕಿಂತ ಅಸಹ್ಯವಾದದ್ದನ್ನು ನಾನು ಈವರೆಗೆ ಮೂಸಿಲ್ಲ. ನನ್ನ ಗಂಡ ಟವೆಲ್ ಒತ್ತಿಕೊಂಡು ಗೋಡೆಗೆ ತಿರುಗಿದರು. ಬಂದವರು ಅವರ ಬೆನ್ನಿಗೆ ಪ್ರೋತ್ಸಾಹ ಕೊಟ್ಟರು. ದೇವರು ತಾಳಲಾರದಷ್ಟು ಕಷ್ಟ ಯಾರಿಗೂ ಕೊಡುವುದಿಲ್ಲ ಎಂದರು ಒಬ್ಬರು, ಮೂಗಿಗೆ ಕರ್ಚೀಫು ಒತ್ತಿಕೊಂಡು. ಅವರ ಮೂಗಿಗೆ ಆ ಒಂದು ಗಂಟೆ ತಾಳಲು ಆಗುತ್ತಿರಲಿಲ್ಲ. ಇದು ನಂಬಿಕೆಯ ಪರೀಕ್ಷೆ ಎಂದರು ಇನ್ನೊಬ್ಬರು. ಎಲ್ಲ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಬೈಬಲಿನ ಆ ಹಳೆಯ ಭಕ್ತನ ಕತೆಯಂತೂ ಬರಲೇಬೇಕಿತ್ತು, ಬಂತು. ಅವನ ತಾಳ್ಮೆ ನೋಡಿ ಬ್ರದರ್, ಕೊನೆಗೆ ಅವನಿಗೆ ಎಲ್ಲ ಎರಡರಷ್ಟು ಸಿಕ್ಕಿತು ಎಂದರು. ನನ್ನ ಗಂಡನಿಗೆ ಎರಡರಷ್ಟು ಏನು ಸಿಗಬೇಕಿತ್ತು, ಕೆನ್ನೆಯೇ?

ಪ್ರಾರ್ಥನೆ ಮುಗಿದು ನಾನು ಬೋಂಡದ ತಟ್ಟೆ ಹಿಡಿದು ಬಂದೆ. ಗ್ಲಾಡಿಸ್ ಆಂಟಿ ಕೈ ಅಡ್ಡ ಮಾಡಿ, "ಬೇಡ ಶಾಂತಾ, ಇವತ್ತು ಉಪವಾಸ" ಎಂದರು. ಅವರ ಪಕ್ಕದವರಿಗೂ ಉಪವಾಸ. ಹಾಲಿನಲ್ಲಿದ್ದ ಅಷ್ಟೂ ಜನಕ್ಕೆ ಏಕಕಾಲಕ್ಕೆ ಉಪವಾಸ ಹತ್ತಿಕೊಂಡಿತು. ಲೆಂಟಿನಲ್ಲಿ ಉಪವಾಸ ಎಂದವರನ್ನು ಒತ್ತಾಯ ಮಾಡುವ ಹಾಗಿಲ್ಲ, ಅದು ಅವರಿಗೂ ಗೊತ್ತು. ಹೊರಗೆ ಚಪ್ಪಲಿ ಮೆಟ್ಟುತ್ತ, ನಾಳೆ ಜನ್ನಾಪುರದ ಮನೆಯಲ್ಲಿ ಪಫ್ಸ್ ಮಾಡಿಸಿದ್ದಾರಂತೆ ಎಂದು ಮಾತಾಡಿಕೊಂಡದ್ದು ಒಳಗೆ ನನಗೆ ಕೇಳಿಸಿತು. ನನ್ನ ಮನೆಯ ಅನ್ನಕ್ಕೆ ಹೇಸಿದರಲ್ಲ ಎಂದು ಮೈಯೆಲ್ಲ ಉರಿಯಿತು. ದೇವರ ಹೆಸರು ಹೇಳಿ ಹೇಸಿದರು, ಅದು ಇನ್ನೂ ಹೆಚ್ಚು ಉರಿಸಿತು.

ಎಲ್ಲ ಹೋದರು ಅಂದುಕೊಂಡು ತಿರುಗಿದರೆ ರೂತಮ್ಮ ಅಲ್ಲೇ ಗೋಡೆಗೊರಗಿ ಕೂತಿದ್ದರು. ನಮ್ಮ ಹಿಂದಿನ ಸಾಲಿನ ಮನೆಯವರು, ಕಾರ್ಖಾನೆಯ ಕೆಲಸಕ್ಕೆಂದು ಎಂದೋ ಸೇಲಂ ಕಡೆಯಿಂದ ಬಂದ ಕುಟುಂಬದ ಮುದುಕಿ. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಬೇಸಿಗೆಯಲ್ಲಿ ಅಂಗಡಿಯವರಿಗೆ ಹುಣಸೆಹಣ್ಣು ಬಿಡಿಸಿಕೊಟ್ಟು ಜೀವನ ನಡೆಸುತ್ತಿದ್ದರು. ನನ್ನನ್ನು ತಮಿಳಿನ ಮುದ್ದಿನಲ್ಲಿ 'ಕಣ್ಣು' ಎಂದು ಕರೆಯುತ್ತಿದ್ದರು.

"ನೀವೂ ಉಪವಾಸನಾ ರೂತಮ್ಮ?" ಎಂದೆ. ನನ್ನ ದನಿ ಚೆನ್ನಾಗಿರಲಿಲ್ಲ.

"ನಾನ್ಯಾಕೆ ಉಪವಾಸ ಕಣ್ಣು? ಹಸಿವು ಕಿತ್ಕೊಂಡು ಹೋಗ್ತಿದೆ, ಕೊಡು ಇಲ್ಲಿ" ಎಂದು ತಟ್ಟೆ ತೊಡೆಯ ಮೇಲಿಟ್ಟುಕೊಂಡರು. ಒಂದಾದ ಮೇಲೊಂದು ತಿಂದರು. "ಇಂಗು ಒಂಚೂರು ಜಾಸ್ತಿಯಾಯ್ತು ಟೀಚರಮ್ಮ" ಎಂದು ತಪ್ಪನ್ನೂ ಹುಡುಕಿದರು. ಆಮೇಲೆ ತಟ್ಟೆಯ ಸಮೇತ ಜರುಗಿಕೊಂಡು ಹೋಗಿ ನನ್ನ ಗಂಡನ ಮಂಚದ ಪಕ್ಕ ನೆಲದ ಮೇಲೆ ಕೂತರು.

ಪ್ರಭಾಕರ ಟವೆಲನ್ನು ಇನ್ನೂ ಬಿಗಿಯಾಗಿ ಹಿಡಿದು, "ದೂರ ಕೂತ್ಕೊ ರೂತಮ್ಮ, ವಾಸನೆ" ಎಂದರು.

"ಯಾರಿಗೆ ವಾಸನೆ? ನಂಗೆ ಮೂಗೇ ಇಲ್ಲ ಸಾಮಿ. ಕೊರೊನಾದಲ್ಲಿ ಸತ್ತೋಗಿದ್ದು ಇನ್ನೂ ಎದ್ದಿಲ್ಲ. ಮೊನ್ನೆ ಮೀನು ಕೆಟ್ಟೋಗಿತ್ತು, ಗೊತ್ತಾಗ್ದೆ ಸಾರು ಮಾಡಿ ತಿಂದ್ಬಿಟ್ಟೆ. ಆ ಟವೆಲ್ ತೆಗಿ, ನೋಡೋಕೇ ಸೆಕೆ ಆಗುತ್ತೆ."

ಪ್ರಭಾಕರ ಸ್ವಲ್ಪ ಹೊತ್ತು ಆಕೆಯ ಮುಖವನ್ನೇ ನೋಡಿದರು. ಆಮೇಲೆ ಟವೆಲನ್ನು ಕೆಳಗಿಳಿಸಿದರು. ತೊಳೆಯುವ ಹೊತ್ತು ಬಿಟ್ಟರೆ, ಅವರ ಮುಖವನ್ನು ನಾನು ಎಷ್ಟೋ ದಿನದ ಮೇಲೆ ನೋಡಿದೆ.

ಅಲ್ಲಿಂದ ರೂತಮ್ಮ ದಿನವೂ ಬರತೊಡಗಿದರು. ನಾನು ಬೀಗದ ಕೈ ಅವರಿಗೇ ಕೊಟ್ಟು ಬಸ್ಸಿಗೆ ಹೋಗುತ್ತಿದ್ದೆ. ಆ ಬಿಸಿಲಿಗೆ ಶೀಟಿನ ಮಾಡು ಕಾದು ಮನೆ ಒಲೆಯ ಹಾಗಾಗುತ್ತಿತ್ತು. ಮಂಚದ ಪಕ್ಕ ಗೋಣಿತಾಟು ಹಾಸಿ, ಮೊರದ ತುಂಬ ಹುಣಸೆಹಣ್ಣು ಇಟ್ಟುಕೊಂಡು, ಕಲ್ಲಿನಿಂದ ಟಕ್ ಟಕ್ ಎಂದು ಕುಟ್ಟಿ ಬೀಜ ತೆಗೆಯುತ್ತ ಮಧ್ಯಾಹ್ನವೆಲ್ಲ ಕೂತಿರುತ್ತಿದ್ದರು. ಮಾತು ಕಡಿಮೆ. ಒಂದು ವಾಕ್ಯ ಹೇಳಲಿಲ್ಲ, ಒಂದು ಪ್ರೋತ್ಸಾಹ ಕೊಡಲಿಲ್ಲ. ಬಾಯಿ ಒಣಗಿದಾಗ ಚಮಚದಲ್ಲಿ ನೀರು ಬಿಡುತ್ತಿದ್ದರು, ನೊಣ ಬಂದರೆ ಬೈದು ಓಡಿಸುತ್ತಿದ್ದರು. ಸಂಜೆ ನಾನು ಬಂದಾಗ ನನ್ನ ಗಂಡ ಗೋಡೆಯ ಕಡೆ ಅಲ್ಲ, ಬಾಗಿಲ ಕಡೆ ತಿರುಗಿ ಮಲಗಿರುತ್ತಿದ್ದರು.

ಬೂದಿಯಲ್ಲಿ ಕೂತ ಭಕ್ತನ ಕತೆಯಲ್ಲಿ ಅವನನ್ನು ಸಂತೈಸಲು ಗೆಳೆಯರು ಬರುತ್ತಾರೆ. ಬಂದ ಮೊದಲ ವಾರ ಅವರು ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರಂತೆ. ಬಾಯಿ ತೆರೆದ ಮೇಲೇ ಅವರು ಕೆಟ್ಟದ್ದು. ನಮ್ಮ ಸಭೆಯವರು ಕತೆಯ ಆ ಭಾಗವನ್ನು ಯಾವಾಗಲೂ ಹಾರಿಸಿ ಓದುತ್ತಾರೆ. ನಾನು ಆ ವರ್ಷ ದೇವರನ್ನು ಬೇಡಿದ್ದು ಕಡಿಮೆ, ಬೈದದ್ದು ಜಾಸ್ತಿ. ಆದರೆ ಬೈಯುವುದಕ್ಕಾದರೂ ಬೆಳಿಗ್ಗೆ ಎದ್ದು ಅವನ ಮುಂದೆಯೇ ನಿಲ್ಲುತ್ತಿದ್ದೆ. ಬೇರೆ ಯಾರ ಹತ್ತಿರ ಹೋಗಲಿ? ಅವನು ನಮ್ಮ ಮನೆಗೆ ಬಂದಿದ್ದರೆ ಡಬ್ಬಿ ಹಿಡಿದು ಬಂದಿರಲಿಕ್ಕಿಲ್ಲ, ಹುಣಸೆಹಣ್ಣಿನ ಮೊರ ಹಿಡಿದೇ ಬಂದಿರಬೇಕು ಎಂದು ಈಗ ಅನಿಸುತ್ತದೆ.

ಶುಭ ಶುಕ್ರವಾರಕ್ಕೆ ಕೆಲವೇ ದಿನ ಇರುವಾಗ ಜಯಶೀಲ ಬಂದರು. ಚಪ್ಪಲಿ ಬಿಡಲಿಲ್ಲ, ಹೊಸಿಲ ಹೊರಗೇ ನಿಂತರು. ರೂತಮ್ಮನ ಕಲ್ಲು ನಿಂತಿತು, ನನ್ನ ಗಂಡನ ಟವೆಲ್ ಮುಖದ ಮೇಲೆ ಹೋಯಿತು.

"ಬ್ರದರ್, ಈ ವರ್ಷ ನೀವು ಮನೇಲೇ ರೆಸ್ಟ್ ಮಾಡಿ. ಲೈವ್ ಇರುತ್ತೆ, ಮೊಬೈಲಲ್ಲೇ ನೋಡ್ಬಹುದು. ಚಿಕ್ಕ ಮಕ್ಕಳು ಬರ್ತಾರೆ, ವಯಸ್ಸಾದವರು ಬರ್ತಾರೆ. ಅಷ್ಟು ಜನದಲ್ಲಿ ನಿಮ್ಗೂ ಇನ್‌ಫೆಕ್ಷನ್ ಆಗುತ್ತೆ. ತಾಳ್ಮೆ ಇರ್ಲಿ. ದೊಡ್ಡವರು ಹೇಳಿಲ್ವಾ, ತಾಳಿದವನು ಬಾಳಿಯಾನು ಅಂತ."

ಸಾಯುತ್ತಿರುವವನ ಮುಂದೆ ನಿಂತು ಬಾಳಿಯಾನು ಎನ್ನಲು ಎಷ್ಟು ದಪ್ಪ ಚರ್ಮ ಬೇಕು! ಹೊಸದಾಗಿ ವರ್ಗವಾಗಿ ಬಂದ ನಮ್ಮ ಅಯ್ಯನವರು ಎಳೆಯ ಪಾದ್ರಿ, ಸೆಕ್ರೆಟರಿ ಗೆರೆ ಎಳೆದರೆ ದಾಟುವವರಲ್ಲ. ಅಂದರೆ ಇದು ಸಭೆಯ ತೀರ್ಮಾನವೇ. ತಾಳ್ಮೆ ಎಂಬ ಪದವನ್ನು ಅಂದು ಅವರು ಬಾಗಿಲಿಗೆ ಹಾಕುವ ಚಿಲಕದ ಹಾಗೆ ಬಳಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಟವೆಲಿನ ಹಿಂದಿನಿಂದ ಇವರೇ ಕೇಳಿದರು:

"ಐದನೇದು ಯಾರಿಗೆ?"

"ಅದು... ನಾನೇ ಮಾಡೋಣ ಅಂತಿದೀನಿ ಬ್ರದರ್."

"ಮಾಡಿ. ನಾನು ಕೇಳೋಕೆ ಬರ್ತೀನಿ."

ಜಯಶೀಲ ಹೋದ ಮೇಲೆ ನಾನು ಅತ್ತೆ. ಅಲ್ಲಿ ಇವರನ್ನು ಕಂಡು ಜನ ಎದ್ದು ಹೋದರೆ ಇವರು ಇನ್ನೆಂದೂ ಗೋಡೆಯಿಂದ ಈಚೆ ತಿರುಗುವುದಿಲ್ಲ ಎಂಬ ಹೆದರಿಕೆ ನನಗೆ. "ಬೇಡ ರೀ" ಎಂದೆ. ರೂತಮ್ಮ, "ಹೋಗೋಣ ಬಿಡು. ನಾನು ಪಕ್ಕ ಕೂತ್ಕೋತೀನಿ" ಎಂದು ಮತ್ತೆ ಕಲ್ಲು ಎತ್ತಿಕೊಂಡರು.

ಆ ಶುಕ್ರವಾರ ಎರಡು ಸಲ ತೊಳೆದು, ಎರಡು ಪದರ ಜಾಸ್ತಿ ಬಟ್ಟೆ ಕಟ್ಟಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ ಆಟೋದಲ್ಲಿ ಕರೆದುಕೊಂಡು ಹೋದೆವು. ಹಿಂದಿನ ಬೆಂಚಿನಲ್ಲಿ, ಪಕ್ಕದ ಬಾಗಿಲಿನ ಹತ್ತಿರ ಕೂತೆವು. ಆಚೆ ನಾನು, ಈಚೆ ರೂತಮ್ಮ, ನಡುವೆ ಟವೆಲ್ ಹಿಡಿದ ಅವರು. ಮೊದಲ ಮಾತು ಮುಗಿಯುವಷ್ಟರಲ್ಲಿ ನಮ್ಮ ಮುಂದಿನ ಬೆಂಚು ಖಾಲಿ. ಎರಡನೆಯದಕ್ಕೆ ಅದರ ಮುಂದಿನದೂ ಖಾಲಿ. ಯಾರೂ ಹಿಂದೆ ತಿರುಗಿ ನೋಡಲಿಲ್ಲ, ಫ್ಯಾನಿನ ಗಾಳಿಗೆಂದು ಹೋಗುವವರ ಹಾಗೆ ಬೈಬಲ್ ಎತ್ತಿಕೊಂಡು ಮೆಲ್ಲಗೆ ಜಾಗ ಬದಲಿಸಿದರು. ಎಲ್ಲಿಂದಲೋ ಪುಸ್ ಎಂದು ಕೇಳಿಸಿತು. ಮಲ್ಲಿಗೆ ಅಲ್ಲಿಗೂ ಬಂದಿತ್ತು.

ಐದನೆಯ ಮಾತಿಗೆ ಜಯಶೀಲ ಎದ್ದರು. ಹೊರಗೆ ಗಂಜಿ ಕಾಯಿಸುತ್ತಿದ್ದ ಹೆಂಗಸರೂ ಸೆಕ್ರೆಟರಿಯ ಪ್ರಸಂಗವೆಂದು ಒಳಗೆ ಬಂದು ಮುಂದೆ ನಿಂತರು. ಆತ್ಮದ ನೀರಡಿಕೆ ಬೇರೆ, ದೇಹದ ನೀರಡಿಕೆ ಬೇರೆ ಎಂದು ಅವರು ಬೆರಳು ಮಡಚಿ ವಿವರಿಸುತ್ತಿದ್ದರು. ಶ್ರಮೆಯಲ್ಲಿ ನಮ್ಮ ಬಾಯಿಂದ ದೂರು ಬರಬಾರದು ಎಂದರು. ಅಷ್ಟರಲ್ಲಿ ನನ್ನ ಪಕ್ಕದಿಂದ ಮೂಗಿನಲ್ಲಿ ಎಳೆದ, ಆದರೆ ಇಡೀ ಚರ್ಚಿಗೆ ಕೇಳುವಂಥ ದನಿ ಬಂತು.

"ನೀರು."

ಕರೆಂಟು ಕೊಟ್ಟ ಮೇಲೆ ಅವರ ಬಾಯಿಯಲ್ಲಿ ಎಂಜಲು ನಿಲ್ಲುತ್ತಿರಲಿಲ್ಲ. ಬೇಕೆಂದೇ ಕೂಗಿದ್ದಲ್ಲ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಜಯಶೀಲ ಒಂದು ಕ್ಷಣ ತಡವರಿಸಿ, ದನಿ ಏರಿಸಿ ಪ್ರಸಂಗ ಮುಂದುವರಿಸಿದರು! ನೀರಡಿಕೆಯ ಮೇಲಿನ ಪ್ರಸಂಗ. ನಾನು ಬಾಟಲಿಯ ಮುಚ್ಚಳ ತಿರುಗಿಸಲು ಹೋದೆ, ಅದು ಬಿಗಿದುಕೊಂಡಿತ್ತು. ರೂತಮ್ಮ ಅದನ್ನು ಕಿತ್ತುಕೊಂಡು, ಅವರ ಟವೆಲ್ ಸರಿಸಿ, ತಲೆಯನ್ನು ತಮ್ಮ ತೋಳಿಗೆ ಒರಗಿಸಿಕೊಂಡು ಚಮಚದಿಂದ ನೀರು ಬಿಟ್ಟರು. ಅರ್ಧ ಒಳಗೆ ಹೋಯಿತು, ಅರ್ಧ ಕೆನ್ನೆಯ ತೂತಿನಿಂದ ಬಟ್ಟೆ ನೆನೆಸಿಕೊಂಡು ರೂತಮ್ಮನ ಸೀರೆಯ ಮೇಲೆ ಇಳಿಯಿತು. ವಾಸನೆ ಎದ್ದಿತು. ಪಕ್ಕದ ಸಾಲಿನವರೂ ಎದ್ದರು. ರೂತಮ್ಮ ಸೆರಗಿನಿಂದ ಅವರ ಗದ್ದ ಒರೆಸಿ ಇನ್ನೊಂದು ಚಮಚ ಬಿಟ್ಟರು. ಆಮೇಲೆ ತಲೆ ಎತ್ತಿ, ಮೂಗು ಒಂದು ಸಲ ಮೇಲೆ ಮಾಡಿ, ಮನೆಯಲ್ಲಿ ಕೂತವರ ಹಾಗೆ ಹೇಳಿದರು:

"ಗಂಜಿ ತಳ ಹಿಡೀತಿದೆ. ಯಾರಾದ್ರೂ ಹೋಗಿ ನೋಡ್ರಮ್ಮ."

ಇಬ್ಬರು ಹೆಂಗಸರು ಹೊರಗೆ ಓಡಿದರು. ಆಮೇಲಷ್ಟೇ ನನ್ನ ಮೂಗಿಗೂ ಸೀದ ವಾಸನೆ ತಟ್ಟಿತು. ಗಾಯದ ಮೇಲೆ ಬಗ್ಗಿದ್ದ ರೂತಮ್ಮನಿಗೆ ಅಷ್ಟು ದೂರದ ಒಲೆಯ ವಾಸನೆ ಎಲ್ಲರಿಗಿಂತ ಮೊದಲು ತಿಳಿದಿತ್ತು. ನನಗೆ ಬೋಂಡದ ಇಂಗಿನ ಮಾತು ನೆನಪಾಯಿತು. ಅಷ್ಟೂ ದಿನ ಆ ಮುಚ್ಚಿದ ಕೋಣೆಯಲ್ಲಿ, ಆ ಸೆಕೆಯಲ್ಲಿ, ಈ ಮೂಗು ಇಟ್ಟುಕೊಂಡು ಕೂತಿದ್ದರಲ್ಲ! ಆದರೆ ಆ ಮೂಗು ಸತ್ತಿಲ್ಲವೆಂದು ಪಕ್ಕದಲ್ಲಿದ್ದ ಪ್ರಭಾಕರರಿಗೂ ತಿಳಿದುಹೋಗಿತ್ತು. ಅವರು ರೂತಮ್ಮನ ತೋಳಿನಿಂದ ತಲೆ ಎತ್ತಿಕೊಂಡು ಟವೆಲನ್ನು ಮತ್ತೆ ಮುಖಕ್ಕೆ ಒತ್ತಿದರು. ಮನೆಗೆ ಬರುವವರೆಗೂ ತೆಗೆಯಲಿಲ್ಲ.

ಉಳಿದವರೆಲ್ಲ ಅಂಗಳದಲ್ಲಿ ನಿಂತು ತಳ ಹಿಡಿದ ಗಂಜಿಯನ್ನೇ ಮುಖ ಸೊಟ್ಟಗೆ ಮಾಡಿಕೊಂಡು ಕುಡಿದರು. ಅದಕ್ಕೆ ಹೊಡೆಯುವ ಮಲ್ಲಿಗೆ ಗ್ಲಾಡಿಸ್ ಆಂಟಿಯ ಹತ್ತಿರ ಇರಲಿಲ್ಲ. ಆಟೋ ಹತ್ತಿಸುವಾಗ ನಾನು ರೂತಮ್ಮನ ಕೈ ಹಿಡಿದು, "ಮೂಗು ಯಾವಾಗ ಸರಿಯಾಯ್ತು ರೂತಮ್ಮ?" ಎಂದು ಮೆಲ್ಲಗೆ ಕೇಳಿದೆ.

"ಇವತ್ತೇ ಕಣ್ಣು, ಈಗಷ್ಟೇ" ಎಂದರು, ಶುಭ ಶುಕ್ರವಾರದ ದಿನ, ಚರ್ಚಿನ ಗೇಟಿನಲ್ಲಿ ನಿಂತು.

ಶನಿವಾರ ಇವರು ಗೋಡೆಗೆ ತಿರುಗಿ ಮಲಗಿದವರು ಭಾನುವಾರ ಈಸ್ಟರಿನ ಗಂಟೆ ಬಾರಿಸಿದಾಗಲೂ ಈಚೆ ತಿರುಗಲಿಲ್ಲ. ಊಟ ಬೇಡ ಎಂದರು. ನನಗೂ ಹತ್ತಿರ ಬರಬೇಡ ಎಂದರು. ನಾನು ಹೆದರಿದ್ದು ಹಾಗೇ ಆಯಿತು ಎಂದುಕೊಂಡೆ.

ಸೋಮವಾರ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ರೂತಮ್ಮ ಮೊರ ಹೊತ್ತು ಬಂದರು. ಹೊಸಿಲಿನಲ್ಲೇ ನಿಂತು, ಒಳಗೆ ಮಂಚಕ್ಕೆ ಕೇಳುವಷ್ಟು ಗಟ್ಟಿಯಾಗಿ, "ನೋಡಮ್ಮ ನನ್ನ ಹಣೆಬರಹ, ಮೂಗು ಮತ್ತೆ ಸತ್ತೋಯ್ತು!" ಎಂದರು. ಗೋಣಿತಾಟು ಹಾಸಿ ಮಂಚದ ಪಕ್ಕ ಕೂತು, ಮೊದಲ ಹಣ್ಣಿಗೆ ಕಲ್ಲು ಎತ್ತಿದರು.

ಗೋಡೆಯ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಕೆಮ್ಮೆಂದು ಹೆದರಿ ನಾನು ಒಳಗೆ ಓಡಿದೆ. ಪ್ರಭಾಕರ ಆ ತೂತುಬಿದ್ದ ಬಾಯಿಯಲ್ಲಿ ನಗುತ್ತಿದ್ದರು. ನಗುತ್ತಲೇ ಈಚೆ ತಿರುಗಿ, ಟವೆಲನ್ನು ತೆಗೆದು ಮಂಚದ ಕಂಬಿಯ ಮೇಲೆ ಹಾಕಿದರು. ಮಳೆ ಶುರುವಾಗುವ ಹೊತ್ತಿಗೆ ಅವರು ಹೋದರು, ಆದರೆ ಆ ಟವೆಲ್ ಮತ್ತೆ ಅವರ ಮುಖಕ್ಕೆ ಬರಲಿಲ್ಲ.